ಟಿಕೆಟ್ ಬೇಕೆಂದ ಅಕ್ಕೋರು

ಬಸ್ಸಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಆದರೂ ಇದನ್ನು ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಅಂತ ಈ ಊರುಗಳ ನಡುವೆ ಹೆಗಲಿಗೆ ಚೀಲ ಹಾಕಿಕೊಂಡು ಓಡಾಡಿದ ಕಂಡಕ್ಟರ್ ನಾನು. ಇನ್ನು ಕೆಲವೇ ತಿಂಗಳಲ್ಲಿ ನಿವೃತ್ತಿ. ಇವತ್ತಿನವರೆಗೆ ತಪ್ಪಿಗೆ ಅಂತ ಒಂದೇ ಒಂದು ಮೆಮೊ ತೆಗೆದುಕೊಂಡವನಲ್ಲ, ಯಾಕೆಂದರೆ ನಾನು ಯಾರನ್ನೂ ನಂಬಿದವನಲ್ಲ. ಹೆಂಡತಿ ಚಹಾಕ್ಕೆ ಸಕ್ಕರೆ ಹಾಕಿದ್ದೇನೆ ಅಂದರೂ ಕಲಕಿ ನೋಡಿಯೇ ಕುಡಿಯುತ್ತೇನೆ.

ಮೊದಲು ನನ್ನ ಅನುಮಾನಕ್ಕೆ ಒಂದು ಲೆಕ್ಕವಿತ್ತು. ದುಡ್ಡು ಕೊಡದೆ ಕಿಟಕಿಯಾಚೆ ನೋಡುತ್ತ ಕೂತವನ ಮೇಲೆ ಕಣ್ಣಿಟ್ಟರೆ ಸಾಕಿತ್ತು. ಹೆಂಗಸರಿಗೆಲ್ಲ ಬಸ್ಸು ಪುಕ್ಕಟೆ ಆದ ಮೇಲೆ ಆ ಲೆಕ್ಕ ತಪ್ಪಿತು. ಬಡವಿ, ಸಾವಕಾರ್ತಿ ಅನ್ನುವ ಭೇದವಿಲ್ಲ. ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ಕೈತುಂಬ ಪೆನ್ಶನ್ ಬರುವ ಮನೆಯವರು ಇದನ್ನು ಬಿಟ್ಟುಕೊಡಬೇಕೋ ಬೇಡವೋ ಅಂತ ಬಸ್ಸಿನಲ್ಲಿ ದಿನಾ ವಾದ. ಬಿಡದವರ ಮೇಲೆ ಜನಕ್ಕೆ ಅನುಮಾನ. ಬಿಟ್ಟವರ ಮೇಲೆ ಅದಕ್ಕಿಂತ ದೊಡ್ಡ ಅನುಮಾನ.

ಬೆನ್ನು ಹತ್ತಿದ ಕಾರು

ಒಂದು ಮಂಗಳವಾರ ಹುಲಿಗಿಗೆ ಹೊರಟಿದ್ದೆವು. ಬಸ್ಸು ತುಂಬ ಹುಲಿಗೆಮ್ಮನ ಭಕ್ತರು. ಡ್ರೈವರ್ ಕನ್ನಡಿ ನೋಡಿ ನೋಡಿ ಬೆವರತೊಡಗಿದ.

"ಅಣ್ಣಾ, ಒಂದು ಬಿಳಿ ಕಾರು ಗಂಗಾವತಿಯಿಂದ ನಮ್ಮ ಬೆನ್ನು ಹತ್ತೈತಿ. ನಾವು ನಿಂತ್ರ ಅದೂ ನಿಲ್ತೈತಿ. ಚೆಕಿಂಗ್‌ನವರು ಇರಬೇಕು ನೋಡು."

ನಾನು ಹಿಂದಿನಿಂದ ಮುಂದಿನವರೆಗೆ ಎಲ್ಲರ ಟಿಕೆಟ್ ಮತ್ತೊಮ್ಮೆ ನೋಡಿದೆ. ಮಲಗಿದವರನ್ನೂ ಎಬ್ಬಿಸಿ ಬೈಸಿಕೊಂಡೆ. ಹುಲಿಗಿಯಲ್ಲಿ ರೇಷ್ಮೆ ಸೀರೆಯ ಒಬ್ಬ ಅಮ್ಮ ಇಳಿದು ನೆಟ್ಟಗೆ ಆ ಕಾರಿನ ಕಡೆ ಹೋದರು. ಬಾಗಿಲು ತೆರೆದವರು ಅವರ ಯಜಮಾನರು, ಗಂಗಾವತಿಯ ನಿವೃತ್ತ ಎಂಜಿನಿಯರ್ ಸಾಹೇಬರು. ನನಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ಇಂಥಾ ಕಾರ್ ಇಟ್ಕೊಂಡು ಅಮ್ಮಾರನ್ನ ಬಸ್ಸಿನ್ಯಾಗ ನೂಕ್ಯಾಡಾಕ ಹಚ್ಚೀರಲ್ರಿ?"

ಸಾಹೇಬರು ದನಿ ತಗ್ಗಿಸಿದರು. "ಸರ್ಕಾರ ಕೊಟ್ಟಿದ್ದು ಬಳಸಲಿಲ್ಲ ಅಂದ್ರ ಇವರಿಗೆ ಬ್ಯಾಡಾಗೈತಿ ಅಂತ ತಿಳ್ಕೊಂತಾರ. ಇವತ್ತು ಬಸ್ಸು ತಗೀತಾರ, ನಾಳೆ ಪೆನ್ಶನ್ನಿಗೆ ಕೈ ಹಾಕ್ತಾರ. ನಾ ಸರ್ಕಾರದಾಗ ಇದ್ದಾಂವ, ಅದರ ಬುದ್ಧಿ ನನಗ ಗೊತ್ತೈತಿ."

ಅಷ್ಟರಲ್ಲಿ ಕಾರಿನ ಹಿಂದಿನ ಸೀಟಿನಿಂದ ಇಬ್ಬರು ಗಂಡಸರು ತೆಂಗಿನಕಾಯಿ ಚೀಲದ ಸಮೇತ ಇಳಿದು ಸಾಹೇಬರ ಕೈಗೆ ನೋಟು ಇಟ್ಟರು. ದಾರಿಯಲ್ಲಿ ನನ್ನ ಬಸ್ಸಿಗೆ ಕೈ ಮಾಡಿ, ಆಮೇಲೆ ಬೇಡ ಅಂದು ಹಿಂದೆ ಸರಿದವರು ಇವರೇ! ನಾನು ಕಣ್ಣು ಕಣ್ಣು ಬಿಟ್ಟೆ. ಸಾಹೇಬರು ನನಗೇ ಸಮಾಧಾನ ಹೇಳಿದರು: "ಸೀಟು ಖಾಲಿ ಬರೂದು ಯಾಕ ಅಂತ ಹತ್ತಿಸ್ಕೊಂಡೆ. ನಿಮ್ಮ ಬಸ್ಸಿನ ಚಾರ್ಜಽ ತಗೊಂಡೀನಿ, ಒಂದು ಪೈಸಾ ಹೆಚ್ಚಿಗಿಲ್ಲ."

ಸಾಹೇಬರ ನ್ಯಾಯ

ಆ ಕಾರು ಒಮ್ಮೆ ರಿಪೇರಿಗೆ ಹೋಯಿತು. ಗಂಡ ಹೆಂಡತಿ ಇಬ್ಬರೂ ನನ್ನ ಕೊಪ್ಪಳ ಬಸ್ಸಿಗೇ ಬಂದರು. ಅಮ್ಮನಿಗೆ ಸೊನ್ನೆ ಟಿಕೆಟ್, ಸಾಹೇಬರಿಗೆ ದುಡ್ಡಿನ ಟಿಕೆಟ್. ಜೇಬಿಗೆ ಕೈ ಹಾಕಿದ್ದೇ ತಡ, ಸಾಹೇಬರಿಗೆ ದೇಶದ ಚಿಂತೆ ಹತ್ತಿತು.

"ಇದ್ದವರು ಬಿಟ್ಟುಕೊಡಬೇಕ್ರಿ! ಪೆನ್ಶನ್ ಬರೋ ಹೆಂಗಸರಿಗೆ ಪುಕ್ಕಟೆ ಯಾಕ ಬೇಕು?"

"ನಿಮ್ಮ ಮನಿಯವ್ರು?" ಅಂದೆ.

"ಆಕಿಗೆಲ್ಲೈತಿ ಪೆನ್ಶನ್? ಪೆನ್ಶನ್ ಬರೂದು ನನಗ. ನನಗ ಪುಕ್ಕಟೆ ಇಲ್ಲ. ನಮ್ಮ ಮನ್ಯಾಗ ಎಲ್ಲಾ ನ್ಯಾಯವಾಗೈತಿ."

ಮರಳಿ ಅನ್ನುವ ಊರಿನಿಂದ ದಿನಾ ಕೂಲಿಗೆ ಬರುವ ಮುದುಕಿಯೊಬ್ಬಳು ಎದುರಿಗೆ ಕೂತಿದ್ದಳು. ಹೆಂಗಸರ ಗುಂಪಿಗೆ ಆಕೆಯೇ ಯಜಮಾನತಿ. "ಖರೆ ಐತ್ರಿ ಎಪ್ಪಾ," ಅಂದಳು ನಯವಾಗಿ. "ಮತ್ತ ನಿಮ್ಮ ಮನಿ ಕರೆಂಟ್ ಬಿಲ್ಲು ಎಷ್ಟ ಬರ್ತೈತಿ?"

ಮೀಟರ್ ಕಡಿಮೆ ಓಡಿದ ಮನೆಗೆ ಕರೆಂಟೂ ಪುಕ್ಕಟೆ ಅನ್ನುವುದು ಎಲ್ಲರಿಗೂ ಗೊತ್ತು. ಸಾಹೇಬರು ಕಿಟಕಿಯಾಚೆ ನೋಡಿದರು. ಮಾತಾಡಲು ಯಾರಾದರೂ ಸಿಗಲಿ ಅಂತ ಕಾದಿದ್ದ ಅಮ್ಮ ಸಂತೋಷದಿಂದ ಉತ್ತರ ಕೊಟ್ಟರು: "ನಮಗ ಬಿಲ್ಲಽ ಬರಂಗಿಲ್ಲವ್ವಾ. ಮೂರು ಮೀಟರ್ ಕೂಡ್ಸ್ಯಾರ. ಕೆಳಗ ಒಂದು, ಮ್ಯಾಲೆ ಒಂದು, ಇವರ ಏಸಿಗೆ ಒಂದು."

ಕೊಪ್ಪಳ ಇನ್ನೂ ದೂರವಿತ್ತು. ಸಾಹೇಬರು ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.

ಚಾಚಿದ ಕೈ

ನನ್ನ ಅನುಮಾನಕ್ಕೆ ನಿಜವಾದ ಪರೀಕ್ಷೆ ಬಂದದ್ದು ಆಮೇಲೆ. ಗಂಗಾವತಿಯಲ್ಲಿ ನೂಲಿನ ಸೀರೆಯ, ದಪ್ಪ ಚಷ್ಮಾದ ಒಬ್ಬ ವಯಸ್ಸಾದ ಹೆಂಗಸು ಹತ್ತಿದರು. ಕೂತವರೇ ನೋಟು ಹಿಡಿದು ಕೈ ಚಾಚಿದರು.

"ಒಂದು ಕೊಪ್ಪಳ ಕೊಡಪಾ."

"ಆಧಾರ್ ತೋರಸ್ರಿ, ಸಾಕು."

"ಆಧಾರ್ ಐತಿ. ನನಗ ರೊಕ್ಕದ ಟಿಕೆಟ್ ಬೇಕು."

ಪುಕ್ಕಟೆ ಸಿಗುವುದಕ್ಕೆ ದುಡ್ಡು ಕೊಡುವ ಹೆಂಗಸು ಎಲ್ಲಿಯಾದರೂ ಉಂಟೇ? ಇದು ವೇಷ ಹಾಕಿಕೊಂಡು ಬಂದ ಚೆಕಿಂಗೇ ಸೈ. ಟಿಕೆಟ್ ಕೊಟ್ಟು, ಅಂಗಿಯ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡು, ಡ್ರೈವರ್ ಕಿವಿಯಲ್ಲಿ ಹೇಳಿದೆ. ಅವನು ಬಾಯೊಳಗಿನ ಎಲೆ-ಅಡಿಕೆ ನುಂಗಿಬಿಟ್ಟ. ಬಸ್ಸು ಮದುವೆ ಹೆಣ್ಣಿನಂತೆ ನಡೆಯಿತು. ಚಿಲ್ಲರೆ ಇಲ್ಲ ಅನ್ನುವ ಮಾತು ಅವತ್ತು ನನ್ನ ಬಾಯಲ್ಲಿ ಬರಲಿಲ್ಲ. ತಡವಾಯಿತೆಂದು ಜನ ಹಿಡಿಶಾಪ ಹಾಕಿದರು.

ಕೊಪ್ಪಳದಲ್ಲಿ ಆ ತಾಯಿ ಇಳಿಯುತ್ತ ಹೇಳಿದರು: "ಸಾಲ್ಯಾಗ ಮಕ್ಕಳಿಗೆ ಕಲಿಸಿ, ದೊಡ್ಡಕ್ಕೋರು ಆಗಿ ರಿಟೈರ್ ಆದಾಕಿ ನಾನು. ಇಷ್ಟು ಶಿಸ್ತಿನ ಬಸ್ಸು ನೋಡಿದ್ದಿಲ್ಲಪಾ. ಆದ್ರ ಹಲ್ಲಿನ ಡಾಕ್ಟರು ಎದ್ದು ಹೋಗಿರ್ತಾರ ಈಗ."

ಯಾಕೆ ದುಡ್ಡು ಕೊಡುತ್ತೀರಿ ಅಂತ ಆಮೇಲೊಮ್ಮೆ ಕೇಳಿದೆ. "ನನಗೂ ಪೆನ್ಶನ್, ನಮ್ಮ ಮನಿಯವರಿಗೂ ಪೆನ್ಶನ್. ಕೂಲಿಗೆ ಹೋಗಾಕಿ ಪುಕ್ಕಟೆ ಹೋಗ್ಲಿ. ನಾನ್ಯಾಕ?" ಅಂದರು. ಅಷ್ಟು ಸರಳವಾದ ಕಾರಣದ ಮೇಲೆ ನನಗೆ ನಂಬಿಕೆ ಬರಲಿಲ್ಲ.

ತೆಲುಗು

ಬಸ್ಸಿನ ಹೆಂಗಸರಿಗೂ ನಂಬಿಕೆ ಬರಲಿಲ್ಲ. ನಮ್ಮ ಕಾಲುವೆ ಸೀಮೆಯಲ್ಲಿ ದುಡ್ಡು ಕೊಟ್ಟು ಟಿಕೆಟ್ ತೆಗೆಯುವ ಹೆಂಗಸೆಂದರೆ ಹೊರ ರಾಜ್ಯದಾಕೆ, ಇಲ್ಲಿ ನೆಲೆಸಿದ ತೆಲುಗು ರೈತರ ಕ್ಯಾಂಪಿನ ನೆಂಟರ ಮನೆಗೆ ಆಂಧ್ರದಿಂದ ಬಂದಾಕೆ. ಮರಳಿಯ ಮುದುಕಿ ಅಕ್ಕೋರ ಟಿಕೆಟ್ ನೋಡಿದವಳೇ ತನಗೆ ಬರುವ ಅಷ್ಟೂ ತೆಲುಗು ಒಟ್ಟು ಮಾಡಿಕೊಂಡು, "ಏಮಮ್ಮಾ, ಬಾಗುನ್ನಾರಾ? ಏ ಊರು?" ಅಂದಳು.

ಅಕ್ಕೋರು ಕೆಂಪಾದರು. "ಗಂಗಾವತಿಯಾಗ ಹುಟ್ಟಿ, ಗಂಗಾವತಿ ಮಕ್ಕಳಿಗೆ ಕನ್ನಡ ಕಲಿಸಿ ಕೂದಲು ಬೆಳ್ಳಗ ಮಾಡ್ಕೊಂಡಾಕಿ ನಾನು!"

ಮುದುಕಿ ಪಕ್ಕದಾಕೆಯ ಕಡೆ ತಿರುಗಿ ಮೆಚ್ಚಿ ತಲೆದೂಗಿದಳು. "ಆಂಧ್ರದವರು ಏನು ಛಲೋ ಕನ್ನಡ ಮಾತಾಡ್ತಾರ ನೋಡವ್ವಾ!"

ಕಾಣೆಯಾದ ಗಂಡಸು

ಕೊನೆಗೆ ನಿಜವಾದ ಚೆಕಿಂಗ್‌ನವರು ಬಂದೇ ಬಂದರು. ಬೂದಗುಂಪಾ ಕ್ರಾಸಿನಲ್ಲಿ ಹತ್ತಿದ ಚೆಕಿಂಗ್ ಸಾಹೇಬರು ನನಗಿಂತ ದೊಡ್ಡ ಅನುಮಾನದ ಮನುಷ್ಯ. ಗಂಡಸರ ತಲೆ ಎಣಿಸಿದರು, ಟಿಕೆಟ್ ಮಷಿನ್ ನೋಡಿದರು, ಮತ್ತೆ ತಲೆ ಎಣಿಸಿದರು.

"ರೊಕ್ಕದ ಟಿಕೆಟ್ ಒಂದು ಹೆಚ್ಚಿಗೆ ಐತಿ. ಗಂಡಸು ಒಬ್ಬ ಕಡಿಮಿ. ಎಲ್ಲದಾನ ಅಂವ?"

"ಗಂಡಸಲ್ರಿ, ಅಕ್ಕೋರು. ಅವರು ರೊಕ್ಕ ಕೊಟ್ಟ ಬರ್ತಾರ್ರಿ."

"ಹೆಂಗಸು ರೊಕ್ಕ ಕೊಟ್ಟು ಕುಂತಾಳ? ನನ್ನ ಮುಂದ ಕಥಿ ಕಟ್ಟಬ್ಯಾಡ. ಯಾವನ್ನೋ ನಡುವ ಇಳಿಸಿ ಅವನ ಟಿಕೆಟ್ ಇಸ್ಕೊಂಡಿ, ಇನ್ನೊಬ್ಬಗ ಮಾರಾಕ. ಮೆಮೊ ಬರೀತೀನಿ."

ಅವರ ಜೊತೆಯವನು ಸೀಟಿನ ಕೆಳಗೆಲ್ಲ ಬಗ್ಗಿ ಗಂಡಸನ್ನು ಹುಡುಕತೊಡಗಿದ. ಅಕ್ಕೋರು ಟಿಕೆಟ್ಟಿಗಾಗಿ ಪರ್ಸು ನೋಡಿದರು, ಚಷ್ಮಾದ ಡಬ್ಬಿ ನೋಡಿದರು, ಛತ್ರಿ ಬಿಡಿಸಿ ಕೊಡವಿದರು. ಎಲ್ಲೂ ಇಲ್ಲ. ಇಷ್ಟು ವರ್ಷ ಕಳ್ಳರಿಂದ ತಪ್ಪಿಸಿಕೊಂಡು ಬಂದವನು ಒಬ್ಬ ಪ್ರಾಮಾಣಿಕ ಹೆಂಗಸಿನ ಕೈಯಲ್ಲಿ ಸಿಕ್ಕಿಬಿದ್ದೆನಲ್ಲ ಅಂತ ಅಳು ಬಂತು. ಮೆಮೊ ಬಂದರೆ ನಿವೃತ್ತಿಯ ಹಣ ತಡೆಹಿಡಿಯುತ್ತಾರೆ. ಮನೆಯಲ್ಲಿ ಏನಂತ ಹೇಳಲಿ?

ಆಗ ಮರಳಿಯ ಮುದುಕಿ ಮಾತಾಡಿದಳು. "ಈ ಕಿಡಕಿ ದಿನಾ ಲಟಲಟ ಅಂತ ತಲಿ ತಿಂತಿತ್ತು. ಇವತ್ಯಾಕ ಸುಮ್ಮನ ಕುಂತೈತಿ?"

ಅಕ್ಕೋರು ಹಣೆ ಚಚ್ಚಿಕೊಂಡರು. ಸದ್ದು ತಡೆಯಲಾರದೆ ಟಿಕೆಟ್ ಮಡಚಿ ಗಾಜಿನ ಸಂದಿಗೆ ತುರುಕಿದ್ದು ಅವರೇ. ಎಳೆದರು. ಕಿಟಕಿ ಲಟಲಟ ಅಂದಿತು, ನನಗೆ ಜೀವ ಬಂತು.

ಸಾಹೇಬರು ಟಿಕೆಟ್ ಬಿಡಿಸಿ ಬೆಳಕಿಗೆ ಹಿಡಿದು ನೋಡಿದರು. "ಟಿಕೆಟ್ ಸಿಕ್ತು, ಸರಿ. ಗಂಡಸು?"

ಅಕ್ಕೋರು ಎದ್ದು ನಿಂತರು. "ನೀವು ಹುಡುಕಾಕತ್ತಿದ ಗಂಡಸು ನಾನಽ ಇದ್ದೀನಿ. ಎಳಕೊಂಡು ಹೋಗ್ರಿ!"

ಬಸ್ಸೆಲ್ಲ ನಗೆ. ಸಾಹೇಬರು ಮೆಮೊ ಬರೆಯದೆ ಇಳಿದರು. ಆದರೂ ಇಳಿದ ಮೇಲೆ ಬಸ್ಸಿನ ಕೆಳಗೊಮ್ಮೆ ಬಗ್ಗಿ ನೋಡಿದರು.

ನಾನು ಅಕ್ಕೋರಿಗೆ ಕೈ ಮುಗಿದೆ. "ನಾ ರಿಟೈರ್ ಆಗೂತನಕ ಪುಕ್ಕಟೆ ಹೋಗ್ರಿ ತಾಯಿ. ಆಮ್ಯಾಲ ಬೇಕಾದ್ರ ಬಸ್ಸಽ ಕೊಂಡುಕೊಳ್ರಿ." ಅಕ್ಕೋರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ಮುಂದಿನ ಸಲ ಅವರು ತಲೆ ತಗ್ಗಿಸಿ ಆಧಾರ್ ತೋರಿಸಿದರು. ನಾನು ಸೊನ್ನೆ ಟಿಕೆಟ್ ಕೊಟ್ಟೆ. ಹೆಂಗಸರ ಗುಂಪಿನಲ್ಲಿ ಗುಸುಗುಸು ಶುರುವಾಯಿತು: "ಪಾಪ, ಪೆನ್ಶನ್ ನಿಂತೈತಿ ಕಾಣ್ತೈತಿ..." "ಮಕ್ಕಳು ಕಸ್ಕೊಂಡಿರಬೇಕವ್ವಾ..."

ಮರಳಿಯ ಮುದುಕಿ ತನ್ನ ಬುತ್ತಿ ಗಂಟು ಬಿಚ್ಚಿ, ಎರಡು ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಇಟ್ಟು ಅಕ್ಕೋರ ಮಡಿಲಿಗೆ ಹಾಕಿದಳು.

"ತಿನ್ನವ್ವಾ, ನಾಚ್ಕೋಬ್ಯಾಡ. ಇದಕ್ಕ ರೊಕ್ಕ ಕೊಡಾಕ ಬಂದೀ ಮತ್ತ!"

ಅಕ್ಕೋರು ಕೈಯಲ್ಲಿ ರೊಟ್ಟಿ ಹಿಡಿದುಕೊಂಡು ನನ್ನ ಕಡೆ ಒಂದು ನೋಟ ನೋಡಿದರು. ನಾನು "ಟಿಕೆಟ್, ಟಿಕೆಟ್" ಅನ್ನುತ್ತ, ಟಿಕೆಟ್ ಆಗಲೇ ಕೊಟ್ಟು ಮುಗಿಸಿದ್ದ ಹಿಂದಿನ ಸೀಟುಗಳ ಕಡೆ ಓಡಿದೆ.