ಗೊಬ್ಬರದ ಮೂಲೆಯ ಊರು

ವರ್ಲಿನ್ ಬುಬ್ಲಿಟ್ಜ್ ಆ ಶನಿವಾರ ಬೆಳಿಗ್ಗೆ ತನ್ನ ಹಲಗೆಗೆ ಇನ್ನೊಂದು ಸಲ ವಾರ್ನಿಶ್ ಹೊಡೆಯದೇ ಇದ್ದಿದ್ದರೆ, ಪಕ್ಕದ ಮನೆಯ ಡೆಲ್ಮರ್ ಟೆಸ್ಮರ್ ತೆಪ್ಪಗೆ ಕಾಫಿ ಕುಡಿದುಕೊಂಡು ಇರುತ್ತಿದ್ದ. ಆದರೆ ವರ್ಲಿನ್ ಹೊಡೆದ. ಹಿತ್ತಲಲ್ಲಿ ಅಷ್ಟು ಜಾಗವಿದ್ದರೂ ಡೆಲ್ಮರನ ಬೇಲಿಗೇ ಒರಗಿಸಿ, ಅವನ ಅಡುಗೆಮನೆ ಕಿಟಕಿಗೆ ನೆಟ್ಟಗೆ ಕಾಣುವಂತೆ ಹೊಡೆದ. ಹಲಗೆಯ ಮೇಲೆ ಕೆಂಪಕ್ಷರದಲ್ಲಿ ‘ಗಾರ್ಲೋವ್’ ಎಂದಿತ್ತು.

ವಿಸ್ಕಾನ್ಸಿನ್‌ನ ಆ ಊರಿನಲ್ಲಿ ಪ್ರತಿ ಬೇಸಿಗೆಗೂ ಒಂದು ಮೆರವಣಿಗೆ. ತಮ್ಮ ಮುತ್ತಾತ ಜರ್ಮನಿಯ ಯಾವ ಹಳ್ಳಿಯಿಂದ ಹೊರಟು ಹಡಗು ಹತ್ತಿದ ಎಂದು ಪತ್ತೆ ಮಾಡಿದ ಮನೆಯವರು ಆ ಹಳ್ಳಿಯ ಹೆಸರಿನ ಹಲಗೆ ಹೊತ್ತು, ಬ್ಯಾಂಡಿನ ಹಿಂದೆಯೇ ಠೀವಿಯಿಂದ ನಡೆಯುತ್ತಾರೆ. ಪತ್ತೆಯಾಗದವರು ಕಟ್ಟಕಡೆಗೆ, ಕುದುರೆಗಾಡಿಗಳ ಹಿಂದೆ, ಕೈಯಲ್ಲಿ ಸಲಿಕೆ ಹಿಡಿದು. ಕುದುರೆಗಳು ದಾರಿಯುದ್ದಕ್ಕೂ ಮರ್ಯಾದೆಯಿಂದ ಇರುವುದಿಲ್ಲವಲ್ಲ. ಮೊದಲೆಲ್ಲ ವರ್ಲಿನ್ನೂ ಪಕ್ಕದಲ್ಲೇ ಸಲಿಕೆ ಹಿಡಿಯುತ್ತಿದ್ದುದರಿಂದ ಡೆಲ್ಮರನಿಗೆ ನೋವಿರಲಿಲ್ಲ. ಹೋದ ವರ್ಷ ವರ್ಲಿನ್‌ಗೆ ಊರು ಸಿಕ್ಕಿತು. ಅವತ್ತು ಡೆಲ್ಮರನ ಹೊಟ್ಟೆಯಲ್ಲಿ ಹತ್ತಿಕೊಂಡ ಉರಿ ಎಷ್ಟು ಬಿಯರ್ ಸುರಿದರೂ ಆರಿರಲಿಲ್ಲ.

"ಏನಯ್ಯಾ ಡೆಲ್ಮರ್, ಮಧ್ಯಾಹ್ನದ ಮೆರವಣಿಗೆಗೆ ಸಲಿಕೆ ತೊಳೆದಿಟ್ಕೊಂಡ್ಯಾ?" ವರ್ಲಿನ್ ಬೇಲಿಯಾಚೆಯಿಂದ ಕೂಗಿದ. "ಬೇಕಿದ್ರೆ ನಂದೂ ತಗೊಂಡ್ಹೋಗು. ಇನ್ನು ನಂಗ್ಯಾಕದು?"

ಡೆಲ್ಮರ್ ಕಿಟಕಿಯನ್ನು ದಢಾರನೆ ಮುಚ್ಚಿದ. ಗಾಜು ಬಿರುಕು ಬಿಟ್ಟಿತು.

"ಕಿಟಕಿ ಮೇಲೆ ಸಿಟ್ಟು ತೀರಿಸ್ಕೊಳ್ಳೋ ಬದಲು ನೀನೂ ನಿಮ್ಮೂರು ಹುಡುಕ್ಬಾರ್ದಾ?" ಎಂದಳು ಹೆಂಡತಿ ಆರ್ಡಿಸ್. "ಹೊಲಗಳಿಗೆಲ್ಲ ನಿಮ್ಮ ಮುತ್ತಾತ ಏನೇನೋ ಹೆಸರಿಟ್ಟಿದ್ದ ಅಂತಾರಲ್ಲ ನಿಮ್ಮ ಸೋದರತ್ತೆ. ಕೇಳು ಹೋಗು."

ಎಲ್ಫ್ರೀಡಾ ಅತ್ತೆ ವೃದ್ಧಾಶ್ರಮದಲ್ಲಿ ಇಸ್ಪೀಟಾಡುತ್ತಿದ್ದಳು. "ಬೇಗ ಹೇಳು, ಕೈಲಿ ಒಳ್ಳೆ ಎಲೆ ಬಂದಿದೆ," ಎಂದು ಫೋನಿನಲ್ಲೇ ಗದರಿದಳು. "ಹೊಲದ ಹೆಸರಾ? ಊರು ಬಿಟ್ಟು ಬಂದ ಬೇಜಾರು ಕಣೋ ತಾತಂಗೆ. ಅಲ್ಲಿ ತನ್ನೂರಿನ ಸುತ್ತ ಯಾವ ದಿಕ್ಕಿಗೆ ಯಾವ ಹಳ್ಳಿ ಇತ್ತೋ, ಇಲ್ಲಿ ಮನೆ ಸುತ್ತ ಆ ದಿಕ್ಕಿನ ಹೊಲಕ್ಕೆ ಅದೇ ಹೆಸರು. ಉತ್ತರದ ಜೋಳದ ಹೊಲ ಟ್ರಾಮ್ಸೋವ್. ಕೆರೆ ಕಡೇದು ಲ್ಯೂಬ್ನಿತ್ಸ್. ಪಶ್ಚಿಮಕ್ಕೆ ಹಂದಿಗೊಬ್ಬರ ಸುರಿಯೋ ಮೂಲೆ ಗಾರ್ಲೋವ್."

"ಏನಂದ್ರಿ?"

"ಗಾರ್ಲೋವ್. ಅಲ್ಲಿಯವರನ್ನ ಕಂಡ್ರೆ ತಾತಂಗೆ ಆಗ್ತಿರ್ಲಿಲ್ಲ. ಇಡು ಫೋನು."

ಡೆಲ್ಮರನಿಗೆ ಸ್ವರ್ಗಕ್ಕೆ ಮೂರೇ ಗೇಣು. ಊರು ಸಿಗುವುದು ಹಾಗಿರಲಿ, ವರ್ಲಿನ್‌ನ ಊರು ತಮ್ಮ ಗೊಬ್ಬರಗುಂಡಿ! ದಿಕ್ಕುಗಳನ್ನು ಖಾತ್ರಿ ಮಾಡಿಕೊಳ್ಳಲು ಊರಾಚೆಯ ಮುತ್ತಾತನ ಜಮೀನಿಗೇ ಓಡಿದ. ಉತ್ತರಕ್ಕೆ ಹೋದ, ಕೆರೆಯ ಕಡೆ ಹೋದ, ಗಾರ್ಲೋವಿನಲ್ಲಿ ಮೊಣಕಾಲವರೆಗೆ ಹೂತುಹೋದ. ಒಂದು ಬೂಟನ್ನು ಅಲ್ಲೇ ಬಿಟ್ಟು ಲೈಬ್ರರಿಗೆ ಬಂದ.

ಲೈಬ್ರರಿಯನ್ನೂ ಮೆರವಣಿಗೆಯನ್ನೂ ನಡೆಸುವವಳು ಯೂನಿಸ್ ಜಾಸ್ಟ್ರೋ. ಅವಳ ಮಾತಿಗೆ ಊರಿನಲ್ಲಿ ಎದುರಿಲ್ಲ. "ಮೊದಲು ಬಾಗಿಲು ಪೂರ್ತಿ ತೆಗಿ ಡೆಲ್ಮರ್, ಆಮೇಲೆ ಮಾತಾಡು," ಎಂದು ಮೂಗಿಗೆ ಕರ್ಚೀಫು ಹಿಡಿದೇ ಹಳೇ ನಕ್ಷೆ ಹರಡಿದಳು. ಟ್ರಾಮ್ಸೋವ್ ಸಿಕ್ಕಿತು. ಲ್ಯೂಬ್ನಿತ್ಸ್ ಸಿಕ್ಕಿತು. ಪಶ್ಚಿಮಕ್ಕೆ ಗಾರ್ಲೋವ್. ನಟ್ಟನಡುವೆ ಸಾಸಿವೆಯಷ್ಟು ಚುಕ್ಕೆ: ವೀಡೆನ್‌ಬೆಕ್.

"ಸುತ್ತಲಿನ ಹೆಸರೆಲ್ಲ ಹೇಳಿದವನು ಇದೊಂದನ್ನ ಯಾಕೆ ಹೇಳ್ಲಿಲ್ಲ?" ಎಂದ ಡೆಲ್ಮರ್.

"ನಡುವೆ ಇದ್ದಿದ್ದು ಮನೆ ಅಲ್ವಾ. ಮನೇನ ಯಾರಾದ್ರೂ ಹೆಸರಿಟ್ಟು ಕರೀತಾರಾ?" ಎಂದಳು ಯೂನಿಸ್.

ಡೆಲ್ಮರನ ಕಣ್ಣು ಒದ್ದೆಯಾಯಿತು. ಆದರೆ ಬೇಲಿಗೆ ಒರಗಿದ ಆ ಕೆಂಪಕ್ಷರ ನೆನಪಾದದ್ದೇ ಒಣಗಿಯೂ ಹೋಯಿತು. ಮನೆಗೆ ಬಂದವನು ವರ್ಲಿನ್‌ನ ಹಲಗೆಗಿಂತ ದೊಡ್ಡದು ಯಾವುದಿದೆ ಎಂದು ಹುಡುಕಿ, ಆರ್ಡಿಸ್ ಕೂಗಾಡುತ್ತಿದ್ದರೂ ಅವಳ ಬೀರುವಿನ ಬಾಗಿಲನ್ನೇ ಕಿತ್ತು, ಅದರ ಮೇಲೆ ‘ವೀಡೆನ್‌ಬೆಕ್’ ಎಂದು ಬರೆದ. ಹಸಿ ಬಣ್ಣ ಅಂಗಿಗೆ ಮೆತ್ತಿಕೊಳ್ಳುತ್ತಿದ್ದರೂ ಅದನ್ನು ಹೊತ್ತು ಮೆರವಣಿಗೆಯ ಜಾಗಕ್ಕೆ ನುಗ್ಗಿದ.

"ಕೇಳ್ರಪ್ಪೋ!" ಎಂದು ಬೀದಿಯ ಎರಡೂ ಬದಿಗೆ ಕೇಳುವಂತೆ ಸಾರಿದ. "ನಮ್ಮೂರು ವೀಡೆನ್‌ಬೆಕ್! ನಮ್ಮ ಮುತ್ತಾತ ಹಂದಿಗೊಬ್ಬರ ಸುರಿಯೋ ಮೂಲೆಗೆ ಏನಂತ ಹೆಸರಿಟ್ಟಿದ್ದ ಗೊತ್ತಾ? ಗಾರ್ಲೋವ್! ಗಾರ್ಲೋವಿನವರು ಬಂದ್ರೆ ಮೂಗು ಮುಚ್ಕೊಳ್ಳಿ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೇಳದವರಿಗೆ ಕೇಳಿದವರು ಹೇಳಿದರು, ಮಾತು ಬೀದಿಯ ಆ ತುದಿಯವರೆಗೂ ಹೋಯಿತು. ವರ್ಲಿನ್‌ನ ಮುಖ ಅವನ ಹಲಗೆಯ ಅಕ್ಷರಕ್ಕಿಂತ ಕೆಂಪಾಯಿತು. ಒಂದು ವರ್ಷದ ಉರಿ ಡೆಲ್ಮರನ ಹೊಟ್ಟೆಯಲ್ಲಿ ತಣ್ಣಗಾಯಿತು.

ಆಗ ಯೂನಿಸ್ ಫೋನು ನೋಡುತ್ತಾ ಬಂದಳು. "ಡೆಲ್ಮರ್, ಸ್ವಲ್ಪ ತಡಿ. ಹಲಗೆ ಮೇಲೆ ಈಗಿನ ಹೆಸರೇ ಇರ್ಬೇಕು, ನಿಯಮ. ಈಗಿನ ನಕ್ಷೇಲಿ ವೀಡೆನ್‌ಬೆಕ್ ಇಲ್ಲ. ಜನ ಕಡಿಮೆಯಾದ್ರು ಅಂತ ಪಕ್ಕದ ಊರಿಗೆ ಸೇರಿಸಿಬಿಟ್ಟಿದ್ದಾರೆ."

"ಯಾವ ಪಕ್ಕ?" ಡೆಲ್ಮರ್ ಅವಳ ಫೋನಿನೊಳಗೆ ಇಣುಕಿದ. "ಟ್ರಾಮ್ಸೋವ್ ತಾನೇ? ಲ್ಯೂಬ್ನಿತ್ಸ್ ಆದ್ರೂ ಪರವಾಗಿಲ್ಲ..."

"ಪಶ್ಚಿಮದ ಪಕ್ಕ."

 ವರ್ಲಿನ್ ಓಡಿಬಂದು ಹಸಿ ಬಣ್ಣದ ಸಮೇತ ಡೆಲ್ಮರನನ್ನು ಅಪ್ಪಿಕೊಂಡ. "ಅಯ್ಯೋ, ನಮ್ಮೂರವನೇ ಆದ್ಯಲ್ಲೋ!"

"ಒಂದೂರಿಗೆ ಒಂದೇ ಹಲಗೆ," ಎಂದಳು ಯೂನಿಸ್. "ಎರಡು ಮನೆಯವರಿದ್ರೆ ಹಿರಿಯ ಕಾರಲ್ಲಿ ಕೂರ್ತಾನೆ, ಕಿರಿಯ ಹಲಗೆ ಹೊರ್ತಾನೆ. ಆಗಲ್ಲ ಅಂದ್ರೆ ಸಲಿಕೆ ಅಲ್ಲಿದೆ. ಬೇಗ ಹೇಳು, ಬ್ಯಾಂಡ್ ಶುರುವಾಯ್ತು."

ವರ್ಲಿನ್ ಎಂಟು ತಿಂಗಳು ದೊಡ್ಡವನು. ಆಗಲೇ ತೆರೆದ ಕಾರು ಹತ್ತಿ, ಟೋಪಿ ಬೀಸತೊಡಗಿದ್ದ. "ನೆಟ್ಟಗೆ ಹಿಡಿಯೋ ಡೆಲ್ಮರ್, ಊರಿನ ಮಾನದ ಪ್ರಶ್ನೆ!"

ಡೆಲ್ಮರ್ ಕೊನೆಗೂ ಬ್ಯಾಂಡಿನ ಹಿಂದೆಯೇ ನಡೆದ. ಒಂದು ಕಾಲಿಗೆ ಬೂಟಿಲ್ಲ, ಇನ್ನೊಂದು ಮೊಣಕಾಲವರೆಗೆ ಗೊಬ್ಬರ, ತಲೆಯ ಮೇಲೆ ಕೆಂಪಕ್ಷರದ ಹಲಗೆ. ಬೀದಿಯ ಎರಡೂ ಬದಿಯ ಜನ ಹಲಗೆ ಓದಿದರು, ಹೊತ್ತವನನ್ನು ನೋಡಿದರು, ಒಟ್ಟಿಗೇ ಮೂಗು ಮುಚ್ಚಿಕೊಂಡರು.