ಸಿಡಿಗೆ ಹಿಡಿಸದ್ದು

ಸಾವ್ಕಾರ ನಾಗಭೂಷಣರು ಎಂ-ಸೀಲ್ ಹಚ್ಚದೇ ಇದ್ದಿದ್ದರೆ ಅವರ ಮಿಲ್ಲಿನ ಕಂಪ್ಯೂಟರ್ ಆಪರೇಟರು ಸೋಮೇಶನಿಗೆ ಆ ಪಾಡು ಬರುತ್ತಿರಲಿಲ್ಲ. ಯಾರೋ ಪೆನ್‌ಡ್ರೈವ್ ಚುಚ್ಚಿ ಲೆಕ್ಕ ಕದ್ದೊಯ್ಯುತ್ತಾರೆಂಬ ಭಯಕ್ಕೆ, ಆದೋನಿಯಲ್ಲಿದ್ದ ತಮ್ಮ ಹತ್ತಿ ಮಿಲ್ಲಿನ ಕಂಪ್ಯೂಟರುಗಳ ಯುಎಸ್‌ಬಿ ತೂತುಗಳನ್ನೆಲ್ಲ ಅವರು ಕೈಯಾರೆ ಮುಚ್ಚಿದ್ದರು.

ಅಂದು ಬೆಳಿಗ್ಗೆ ಹತ್ತಿ ಟ್ರಾಕ್ಟರು ತೂಗುವ ಕಾಟಾದ ಕಂಪ್ಯೂಟರು ಹಾರ್ಡ್‌ಡಿಸ್ಕ್ ಸಮೇತ ಸತ್ತಿತು. ಗೋದಾಮಿನಿಂದ ಹಳೆಯದೊಂದನ್ನು ಹೊತ್ತು ತಂದರು. ಅದರ ತೂತಿಗೂ ಎಂ-ಸೀಲ್. ಕಾಟಾ ಕೋಣೆಗೆ ನೆಟ್ ಇಲ್ಲ. ಆ ಹಳೆಯ ಕಂಪ್ಯೂಟರು ಬಾಯಿ ತೆರೆಯುವುದೇನಿದ್ದರೂ ಸಿಡಿಗೆ ಮಾತ್ರ. ಸಿಡಿ ಹಿಡಿಯುವುದು ಏಳುನೂರು ಎಂಬಿ, ಆಫೀಸಿನ ಕಂಪ್ಯೂಟರಿನಲ್ಲಿದ್ದ ತೂಕದ ಸಾಫ್ಟ್‌ವೇರು ಸಾವಿರದ ಹತ್ತಿರ.

ನಂದವರಕ್ಕೆ ಹೋಗಿದ್ದ ಸಾವ್ಕಾರರು ಫೋನಿನಲ್ಲಿ ಗುಡುಗಿದರು. "ಸಂಜೀಗೆ ನಾ ಬರೂದ್ರಾಗ ಕಾಟಾ ನಡೀಬೇಕು. ಇಲ್ಲಾಂದ್ರ ನಾಳೆಯಿಂದ ನೀ ಬರಬ್ಯಾಡ." ಮರುಕ್ಷಣ ಅವರ ಫೋನ್ ಸ್ವಿಚ್ ಆಫ್.

ಡಿಗ್ರಿ ಮುಗಿಸಿ ಆಲೂರಿನಲ್ಲಿ ಮಾವನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತ, ತುತ್ತಿಗೊಂದು ಮಾತು ಕೇಳುತ್ತ ಕಳೆದವನು ಸೋಮೇಶ. ಈ ನೌಕರಿ ಸಿಕ್ಕ ಮೇಲೆಯೇ ಹೆಂಡತಿ ಹೇಮಾವತಿ ತಲೆಯೆತ್ತಿ ನಡೆಯುತ್ತಿದ್ದಳು. ಇದೂ ಹೋದರೆ ಮತ್ತೆ ಅದೇ ಅಂಗಡಿ, ಅದೇ ಮಾವ.

ಊರೆಲ್ಲ ಸುತ್ತಿದರೂ ಖಾಲಿ ಸಿಡಿ ಸಿಕ್ಕಿದ್ದು ಒಂದು ಫೋಟೋ ಸ್ಟುಡಿಯೋದಲ್ಲಿ, ಅದೂ ಒಂದೇ. ಅದನ್ನು ಹಿಡಿದು ಬಂದು ಕೂತ ಕೂಡಲೇ ಗುಮಾಸ್ತ ಉರುಕುಂದಪ್ಪ ಬಂದು ಹೆಗಲ ಮೇಲಿಂದ ಬಗ್ಗಿದ. ಸಾಲಿನಲ್ಲಿ ಮೊದಲು ನಿಂತಿದ್ದ ಪೆದ್ದಕಡುಬೂರಿನ ರೈತ ಯಂಕಣ್ಣ ಕಿಟಕಿಯಲ್ಲಿ ತಲೆ ತೂರಿಸಿದ.

"ಹತ್ತಿ ಬೇಲ್ ಒತ್ತಿದಂಗ ಒತ್ರಿ, ಹಿಡಿಸ್ತೈತಿ," ಎಂದ ಯಂಕಣ್ಣ.

"ಜಿಪ್ ಮಾಡಿ ಒತ್ತೀನಿ, ಇನ್ನೂ ಹಿಡಿಸವಲ್ದು," ಎಂದ ಸೋಮೇಶ.

"ಹಂಗಾದ್ರ ಮೊದ್ಲು ಬೀಜ ಬಿಡಸ್ರಿ."

ಸೋಮೇಶ ಬೇಡದ್ದನ್ನೆಲ್ಲ ಅಳಿಸತೊಡಗಿದ. ಚೀನೀ ಭಾಷೆ ಹೋಯಿತು, ಅರಬ್ಬಿ ಹೋಯಿತು, ಲಾರಿ ತೂಗುವುದನ್ನು ಕಲಿಸುವ ವಿಡಿಯೋ ಹೋಯಿತು. ತೆಲುಗಿನ ಮೇಲೆ ಕೈಯಿಟ್ಟಾಗ ಉರುಕುಂದಪ್ಪ ಎಗರಿದ. "ಏಯ್, ತೆಲುಗು ತೆಗದ್ರ ಚೀಟಿ ಯಾವ ಭಾಷಾದಾಗ ಕೊಡ್ತಿ? ನಿಮ್ಮ ಮಾವನ ಭಾಷಾದಾಗೇನು?"

ಕೊನೆಗೂ ಚೂರು ಜಾಗ ಸಾಲಲಿಲ್ಲ. ಒಂದು ಫೋಲ್ಡರು ಮಾತ್ರ ಯಾಕಿದೆಯೆಂದು ತಿಳಿಯಲಿಲ್ಲ. ಹಿಂದಿನ ಆಪರೇಟರು ಅದನ್ನು ಆಮೇಲೆ ಸೇರಿಸಿದ್ದ. ಸೋಮೇಶ ಸಾವ್ಕಾರರಿಗೆ ಮತ್ತೆ ಮತ್ತೆ ಫೋನ್ ಹಚ್ಚಿದ, ಹತ್ತಲಿಲ್ಲ.

"ಓಡಿಹೋದವ ಇಟ್ಟ ಕಸ ಯಾರಿಗೆ ಬೇಕು? ತಗಿ," ಎಂದ ಉರುಕುಂದಪ್ಪ. ಆಫೀಸಿನ ಕಂಪ್ಯೂಟರಿನಲ್ಲೂ ಜಾಗವಿರಲಿಲ್ಲವಾದ್ದರಿಂದ ಸೋಮೇಶ ಅದನ್ನು ಗುರುತೂ ಉಳಿಯದಂತೆ ಅಳಿಸಿದ. ಸಿಡಿ ತುಂಬಿತು.

ಅದನ್ನು ಹಿಡಿದು ಕಾಟಾ ಕೋಣೆಗೆ ಓಡುವಾಗ ಬಾಗಿಲಲ್ಲಿ ಸಾವ್ಕಾರರ ತಾಯಿ ಗುರುಶಾಂತಮ್ಮ ಅಡ್ಡ ನಿಂತಿದ್ದರು. ಕಾಟಾ ಎಂದರೆ ಲಕ್ಷ್ಮಿ, ಹೊಸದೇನೂ ಪೂಜೆಯಿಲ್ಲದೆ ಒಳಗೆ ಹೋಗುವಂತಿಲ್ಲ. ಅವನು ಬಾಯಿ ಬಿಡುವುದರೊಳಗೆ ಆಕೆ ಸಿಡಿ ಕಸಿದುಕೊಂಡು, ವಿಭೂತಿ ನೆನೆಸಿ, ಮೂರು ಬೆರಳಿನಿಂದ ದಪ್ಪಗೆ ಬಳಿದೇಬಿಟ್ಟರು.

"ಅವ್ವಾರೇ, ಆ ಕಡೀಗಲ್ರಿ, ಯಂತ್ರ ಓದೂದು ಅದನ್ನ!"

"ಮಾರಿ ಅಂದ್ರ ಹೊಳಿಯೋ ಕಡೀನ ಅಲ್ಲೇನೋ?"

ಸೋಮೇಶ ಅಳುವುದೊಂದು ಬಾಕಿ. ಅಂಗಿಯ ತುದಿ ಒದ್ದೆ ಮಾಡಿ, ಉಸಿರು ಬಿಗಿಹಿಡಿದು, ಹಸುಗೂಸಿನ ಕೆನ್ನೆ ಒರೆಸಿದಂತೆ ಒರೆಸಿದ. ಯಂತ್ರ ಗೊರಗೊರ ಎಂದಿತು, ನಿಂತಿತು, ಮತ್ತೆ ಗೊರಗೊರ ಎಂದಿತು. ಹೊತ್ತಿಳಿಯುವ ವೇಳೆಗೆ ಪರದೆಯ ಮೇಲೆ ಸೊನ್ನೆ ಮೂಡಿತು. ಕಾಟಾ ಬದುಕಿತ್ತು. ಅಷ್ಟರಲ್ಲಿ ಸಾವ್ಕಾರರ ಕಾರೂ ಬಂತು. "ಭೇಷ್," ಎಂದರು ಅವರು. ಸೋಮೇಶನಿಗೆ ಅನ್ನದ ತಟ್ಟೆ ಕಣ್ಣಿಗೆ ಕಂಡಂತಾಯಿತು.

ಯಂಕಣ್ಣನ ಟ್ರಾಕ್ಟರು ಕಾಟಾ ಏರಿತು. ತೂಕ ನೋಡಿದ ಯಂಕಣ್ಣ ಜೇಬಿನಿಂದ ಊರ ಕಾಟಾದ ಚೀಟಿ ತೆಗೆದ. ಎರಡೂ ಒಂದೇ. ಪ್ರತಿ ವರ್ಷವೂ ಇಲ್ಲಿ ತೂಕ ಕಡಿಮೆ ಬರುತ್ತಿತ್ತು, ದಾರಿಯಲ್ಲಿ ಹತ್ತಿ ಒಣಗುತ್ತದೆಂದು ಉರುಕುಂದಪ್ಪ ಹೇಳುತ್ತಿದ್ದ. ಇಂದು ಬಿಸಿಲಲ್ಲಿ ಇಡೀ ದಿನ ನಿಂತರೂ ಹತ್ತಿ ಒಣಗಿರಲಿಲ್ಲ.

"ಇವತ್ತು ಸರೀ ಬಂತಂದ್ರ, ನಿನ್ನೀತನಕ ಯಾರ್ ತಿಂದ್ರು?" ಯಂಕಣ್ಣನ ದನಿಗೆ ಸಾಲಿನಲ್ಲಿದ್ದವರೆಲ್ಲ ಇಳಿದು ಬಂದರು.

ಸಾವ್ಕಾರರ ಮುಖ ಬಿಳುಪೇರಿತು. ಆದರೆ ವ್ಯಾಪಾರದವರ ನಾಲಿಗೆ ಬೇಗ ಸುಧಾರಿಸಿಕೊಳ್ಳುತ್ತದೆ. "ನಂಗೂ ಅನುಮಾನ ಇತ್ರಪ್ಪ. ಅದಕ್ಕ ಇವತ್ತ ಹೊಸಾ ಸಾಫ್ಟ್‌ವೇರ್ ಹಾಕಿಸೀನಿ. ನಿನ್ನೀತನಕ ಇಲ್ಲಿ ಕೂತಾವ ಇವನ ನೋಡ್ರಿ!"

"ದೊಂಗ ನಾ ಕೊಡಕಾ!" "ಕಳ್ಳ ನನ್ಮಗನ!" ಸೋಮೇಶ ಒಂದೇ ಗಳಿಗೆಯಲ್ಲಿ ಎರಡೂ ಭಾಷೆಯಲ್ಲಿ ಕಳ್ಳನಾದ. ಯಾರ ಕೈ ಎಲ್ಲಿ ಬಿತ್ತೋ ಅವನಿಗೆ ತಿಳಿಯಲಿಲ್ಲ. ಉರುಕುಂದಪ್ಪ ಎಲ್ಲೂ ಕಾಣಲಿಲ್ಲ. ರೈತರು ಸಾವ್ಕಾರರಿಗೆ ಕೈ ಮುಗಿದು, ಇಂಥ ಧರ್ಮಾತ್ಮ ಇನ್ನೊಬ್ಬನಿಲ್ಲ ಎಂದು ಹೊಗಳುತ್ತ ಹೊರಗೆ ನಡೆದರು.

ಕೋಣೆ ಖಾಲಿಯಾದ ಮೇಲೆ ಸಾವ್ಕಾರರು ಬಾಗಿಲು ಮುಂದೆ ಮಾಡಿದರು. ಸೋಮೇಶನನ್ನು ಎಬ್ಬಿಸಿ ಕೂರಿಸಿ, ನೀರು ಕೊಟ್ಟು, ಮೆಲ್ಲಗೆ ಕಿವಿಯಲ್ಲಿ ಅಂದರು: "ಆದದ್ದಾತು. ಆ ತೆಗದ ಫೋಲ್ಡರ್ ವಾಪಸ್ ಹಾಕು, ತೂಕ ಮೊದಲಿನಂಗ ಬರ್ಲಿ. ನೌಕರಿ ನಿಂದೇ, ಬೇರೆ ಹೆಸರಿಲೆ ಒಳಗ ಕೂಡಸ್ತೀನಿ."

ಸೋಮೇಶ ಹೇಮಾವತಿಯನ್ನು ನೆನೆದ, ಮಾವನನ್ನು ನೆನೆದ. ಮರ್ಯಾದೆ ಹೇಗೂ ಹೋಗಿತ್ತು. ಆ ಫೋಲ್ಡರು ಉಳಿದಿದ್ದರೆ ದೇವರಾಣೆಗೂ ಹಾಕಿಬಿಡುತ್ತಿದ್ದ.

"ಅದು ಇಲ್ರಿ. ಪೂರ್ತಿ ಅಳಿಸೀನಿ," ಎಂದ, ತುಟಿಯ ರಕ್ತ ಒರೆಸಿಕೊಳ್ಳುತ್ತ.

ಈ ಸಲ ಹೊಡೆದವರು ಸಾವ್ಕಾರರು.