ಮೆಣಸಿನಕಾಯಿ ಅಂಗಿಗೆ ಇಸ್ತ್ರಿ

ನಾನು ಶಾಲೆ ಬಿಟ್ಟದ್ದು ೧೯೮೬ರಲ್ಲಿ, ಏಳನೆಯ ಇಯತ್ತೆಗೆ. ಅಲ್ಲಿ ಕಂಡದ್ದರಲ್ಲಿ ಈಗ ನೆನಪಿರುವುದು ಎರಡೇ: ಮಗ್ಗಿ, ಮತ್ತು ನಮ್ಮ ಮಾಸ್ತರರ ಪ್ಯಾಂಟಿನ ಗೆರೆ. ಮಗ್ಗಿ ನನ್ನ ಹೊಟ್ಟೆ ಹೊರೆಯಿತು. ಗೆರೆಯಿಂದ ಯಾರಿಗೆ ಏನು ಲಾಭವಾಯಿತೋ ಇವತ್ತಿಗೂ ತಿಳಿದಿಲ್ಲ. ಆ ಗೆರೆ ಕೆಟ್ಟೀತೆಂದು ಮಾಸ್ತರರು ಕುರ್ಚಿಯ ಮೇಲೆ ಕೂಡುತ್ತಿರಲಿಲ್ಲ. ದಿನವಿಡೀ ನಿಂತೇ ಇರುವ ಮನುಷ್ಯನಿಗೆ ಸಿಟ್ಟು ಬರದೆ ಇನ್ನೇನು ಬಂದೀತು? ಆ ಸಿಟ್ಟು ನಮ್ಮ ಬೆನ್ನಿನ ಮೇಲೆ ಇಳಿಯುತ್ತಿತ್ತು. ಬಡತನದಿಂದ ನಾನು ಶಾಲೆ ಬಿಟ್ಟೆನೆಂದು ನಮ್ಮ ಮಂದಿ ತಿಳಿದಿದ್ದಾರೆ. ಅರ್ಧ ಕಾರಣ ಇಸ್ತ್ರಿ.

ಮದುವೆ ಮುಂಜಿಗೆ ಇಸ್ತ್ರಿ ಬೇಕೆಂದರೆ ನನ್ನ ತಕರಾರಿಲ್ಲ. ದಿನಾ ಹಾಕುವ ಅಂಗಿಗೆ ಯಾಕೆ? ಬೆಳಿಗ್ಗೆ ಹಾವೇರಿಯಿಂದ ಬ್ಯಾಡಗಿಗೆ ಹೋಗುವ ಬಸ್ಸು ಹತ್ತಿ ನೋಡಿ. ಇಸ್ತ್ರಿ ಅಂಗಿಯವನು ಯಾರಿಗೂ ತಾಗದಂತೆ ಉಸಿರು ಹಿಡಿದು, ಹೊಸ ಮದುಮಗಳ ಹಾಗೆ ಮೂಲೆಯಲ್ಲಿ ನಿಂತಿರುತ್ತಾನೆ. ಅಷ್ಟರಲ್ಲಿ ಪುಟ್ಟಿ ಹೊತ್ತ ಅಜ್ಜಿಯೊಬ್ಬಳು ಹತ್ತಿ, "ಸರಿಯೋ ಯಪ್ಪಾ, ಗ್ವಾಡಿಗೆ ಬಳದ ಸುಣ್ಣದಂಗ ನಿಂತೀಯಲ್ಲಾ" ಎಂದು ಮೊಣಕೈಯಿಂದ ತಿವಿದರೆ, ಅವನ ಅರ್ಧ ತಾಸಿನ ದುಡಿಮೆ ಅಲ್ಲಿಗೇ ಮಣ್ಣುಪಾಲು. ನನ್ನ ಹೆಂಡತಿ ಗಿರಿಜಾ ಅಂಗಿ ಬಿಡಿ, ತಲೆದಿಂಬಿನ ಚೀಲಕ್ಕೂ ಇಸ್ತ್ರಿ ಹೊಡೆಯುತ್ತಾಳೆ. "ಮಲಗಿದ ಮ್ಯಾಲೆ ಅದನ್ನ ಯಾರ ನೋಡ್ತಾರ?" ಎಂದರೆ, "ನೀವು ಎದ್ದಾಗ ಸೈತ ನಿಮ್ಮನ್ನ ಯಾರ ನೋಡ್ತಾರ ಬಿಡ್ರಿ" ಅನ್ನುತ್ತಾಳೆ.

ನನ್ನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಚೀಲ ಬಿಚ್ಚಿ, ಮೊಣಕೈವರೆಗೆ ಕೈ ತೂರಿಸಿ, ಕಾಯಿ ಒಣಗಿದೆಯೋ ತಂಪಾಗಿದೆಯೋ ನೋಡುವ ಕೆಲಸ. ಸಂಜೆಯ ಹೊತ್ತಿಗೆ ಅಂಗಿಯ ಎಳೆ ಎಳೆಯಲ್ಲೂ ಕೆಂಪು ಧೂಳು ಕುಳಿತಿರುತ್ತದೆ. ಹೊಸಬರು ಪೇಟೆಗೆ ಕಾಲಿಟ್ಟರೆ ಸೀನಿ ಸೀನಿ ಗೋಡೆ ಹಿಡಿಯುತ್ತಾರೆ. ನನ್ನ ಮೂಗು ಎಂದೋ ಸೀನುವುದನ್ನು ಬಿಟ್ಟಿದೆ. ಅದರ ಬಗ್ಗೆ ನನಗೆ ಅಭಿಮಾನವೂ ಉಂಟು.

ಇನ್ನು ನಡೆದದ್ದು ಹೇಳುತ್ತೇನೆ. ಮಗಳು ಶೈಲಾ ಹಾವೇರಿಯ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ಅದೇ ಬ್ಯಾಂಕಿನ ಹುಡುಗ ರಾಣೆಬೆನ್ನೂರಿನವನು. ಇಬ್ಬರಿಗೂ ಒಪ್ಪಿಗೆ, ಎರಡೂ ಕಡೆಯ ತಾಯಂದಿರಿಗೂ ಒಪ್ಪಿಗೆ. ಉಳಿದದ್ದು ಹುಡುಗನ ಅಪ್ಪ. ಅವರು ಬೀಜದ ವ್ಯಾಪಾರಿ. ಅಂಗೈಯಲ್ಲಿ ಬೀಜ ಹಿಡಿದು ಒಂದೇ ನೋಟಕ್ಕೆ ಜೊಳ್ಳು ಗಟ್ಟಿ ಹೇಳುವವರು. ಮನುಷ್ಯರನ್ನೂ ಹಾಗೇ ನೋಡುತ್ತಾರಂತೆ. ಅವರು ಹೂಂ ಅನ್ನದಿದ್ದರೆ ಮಗ ಅವರ ಮಾತು ಮೀರುವವನಲ್ಲ.

ಅವರು ಬರುವ ದಿನ ಪೇಟೆಗೆ ಆವಕ ಜಾಸ್ತಿ, ಎಂದಿಗಿಂತ ಎರಡು ಪಟ್ಟು ಚೀಲ ಬಂದಿದ್ದವು. ನಾನು ತಡವಾಗಿ ಬಸ್ಸು ಹಿಡಿದು ಹಾವೇರಿಗೆ ಬಂದು, ಹಿತ್ತಲ ಬಾಗಿಲಿನಿಂದ ಮನೆ ಹೊಕ್ಕಾಗ ಬೀಗರಾಗುವವರು ಆಗಲೇ ಹೊರಗಿನ ಕೋಣೆಯಲ್ಲಿ ಕುಳಿತಿದ್ದರು. ಶೈಲಾ ಓಡಿ ಬಂದು ಅಡ್ಡ ನಿಂತಳು.

"ಅಪ್ಪಾ, ಕುರ್ಚಿ ಮ್ಯಾಲೆ ಇಸ್ತ್ರಿ ಅಂಗಿ ಇಟ್ಟೇವಿ. ಇವತ್ತೊಂದಿನ ಹಾಕ್ಕೋ, ನಿನಗ ಕೈ ಮುಗೀತೇನಿ."

"ಹುಡುಗ ನಿನ್ನ ನೋಡಾಕ ಬಂದಾನೋ, ನನ್ನ ಅಂಗಿ ನೋಡಾಕ ಬಂದಾನೋ?"

"ಹುಡುಗ ನನ್ನ ನೋಡ್ಯಾನ. ಅವರಪ್ಪಾರು ನಿನ್ನ ನೋಡಾಕ ಬಂದಾರ."

ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡು ನಾನು ಅರ್ಧ ಸೋತೆ. ಪೂರ್ತಿ ಸೋಲುವುದು ನನ್ನ ಜಾಯಮಾನದಲ್ಲೇ ಇಲ್ಲ. ಕುರ್ಚಿಯ ಮೇಲಿನ ಅಂಗಿ ಹಾಕಿದರೆ ಗಿರಿಜಾ ಗೆದ್ದಂತೆ. ಹಾಗಾಗಿ, "ಅವರಿಗೆ ಗೆರೀನ ಬೇಕಂದ್ರ, ಮೈಮ್ಯಾಲಿನ ಅಂಗಿಗೇ ಹೊಡೀತೇನಿ ತಗೋ" ಎಂದು ಅವಳನ್ನು ಹೊರಗೆ ಕಳಿಸಿ, ಅಂಗಿ ಕಳಚಿ ಟ್ರಂಕಿನ ಮೇಲೆ ಹಾಸಿದೆ. ನೀರು ಚಿಮುಕಿಸಿದೆ. ಇಸ್ತ್ರಿ ಪೆಟ್ಟಿಗೆಯ ಗುಂಡಿಯನ್ನು ಎಲ್ಲಿಯವರೆಗೆ ತಿರುಗುತ್ತದೋ ಅಲ್ಲಿಯವರೆಗೆ ತಿರುಗಿಸಿ ಒತ್ತಿದೆ.

ಹೊರಗೆ ಯಾರೋ ಕೆಮ್ಮಿದರು. ದೊಡ್ಡವರು ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ, ಅದಿರಬೇಕು ಎಂದುಕೊಂಡು ತೋಳಿಗೆ ಬಂದೆ. ಇಬ್ಬರು ಕೆಮ್ಮಿದರು. ನನ್ನನ್ನು ಲಗೂ ಬಾ ಎಂದು ಕರೆಯುತ್ತಿರಬೇಕೆಂದು ಕಾಲರಿಗೆ ಬಂದೆ. ಆಮೇಲೆ ಕೆಮ್ಮು, ಸೀನು, ಕುರ್ಚಿ ಬಿದ್ದ ಸಪ್ಪಳ, "ಒಳಗ ಏನ್ ಸುಡಾಕತ್ತೀರ್ರೀ?" ಎಂಬ ಹೆಂಗಸಿನ ಕೂಗು. ನನ್ನ ಮೂಗಿಗೆ ಏನೂ ಬಡಿದಿರಲಿಲ್ಲ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಓದಿದವರು ಹೇಳುತ್ತಾರೆ. ಅವರು ಅದಕ್ಕೆ ಇಸ್ತ್ರಿ ಮಾಡಿ ನೋಡಿಲ್ಲ.

ನಾನು ಗರಿಗರಿ ಅಂಗಿ ತೊಟ್ಟು ಹೊರಬಂದಾಗ ಕೋಣೆ ಖಾಲಿ. ಎಲ್ಲರೂ ಬೀದಿಯಲ್ಲಿದ್ದರು. ಬೀಜದ ವ್ಯಾಪಾರಿಗಳು ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತು, ಖಡಕ್ ಇಸ್ತ್ರಿಯ ಬಿಳಿ ಅಂಗಿಯ ತುದಿಯನ್ನೇ ಎತ್ತಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಶೈಲಾ ಆಗಲೇ ಕಿಟಕಿಗಳನ್ನೆಲ್ಲ ತೆರೆದು, ಎಲ್ಲರ ಕೈಗೂ ಮಜ್ಜಿಗೆ ಕೊಟ್ಟು, ಅತ್ತೆಯಾಗುವವರ ಬೆನ್ನು ಸವರುತ್ತಿದ್ದಳು. ನನ್ನ ಕಡೆ ಮಾತ್ರ ನೋಡಲಿಲ್ಲ.

"ಏನಾತ್ರಿ?" ಎಂದೆ.

ಗಿರಿಜಾ ನನ್ನ ಅಂಗಿ ನೋಡಿದಳು, ಹಣೆ ಬಡಿದುಕೊಂಡಳು. "ಮೆಣಸಿನಕಾಯಿಗೆ ಇಸ್ತ್ರಿ ಹೊಡದಾರ್ರೀ ನಮ್ಮವರು!"

ಬೀಗರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅಂಗೈಯಲ್ಲಿ ಬೀಜ ಹಿಡಿದ ನೋಟವೇ ಅದು. ಶೈಲಾ ಅವರ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದಳು. ನಾನು ಕಾಲರು ಸರಿಮಾಡಿಕೊಂಡೆ.

"ಇಷ್ಟ್ ಗದ್ದಲದಾಗ ಹುಡುಗಿ ತಲಿ ಕೆಡಸ್ಕೊಳ್ಳಿಲ್ಲ" ಎಂದರು ಅವರು, ಇನ್ನೊಮ್ಮೆ ಸೀನಿ. "ಬೀಜ ಗಟ್ಟಿ ಐತಿ. ನಮಗ ಒಪ್ಪಿಗಿರಿ. ಆದ್ರ ಬೀಗರ, ಮದುವಿ ದಿನದ ನಿಮ್ಮ ಅಂಗಿ ನಾವಾ ತರ್ತೇವಿ. ಇಸ್ತ್ರಿ ಮಾಡಿಸೇ ತರ್ತೇವಿ. ನೀವೇನೂ ತ್ರಾಸ ತಗೋಬ್ಯಾಡ್ರಿ."

ಬೀದಿಯೆಲ್ಲ ನಕ್ಕಿತು. ನಗಲಿ. ನಾನು ಕೇಳುವುದಿಷ್ಟೇ: ಆ ಅಂಗಿಯನ್ನು ತೊಟ್ಟು ಬೆಳಗಿನಿಂದ ಓಡಾಡಿದ್ದೆ, ಬಸ್ಸಿನಲ್ಲಿ ಕುಳಿತು ಬಂದಿದ್ದೆ, ಯಾರಿಗೂ ಏನೂ ಆಗಿರಲಿಲ್ಲ. ಇಸ್ತ್ರಿ ತಾಗಿದ ಮೇಲೆಯೇ ತಾನೇ ಈ ಅನಾಹುತ? ತಪ್ಪು ಅಂಗಿಯದೋ, ಇಸ್ತ್ರಿಯದೋ?

ಆದರೂ ಮದುವೆ ಮುಗಿದ ಮೇಲೂ, ಅಳಿಯ ಮನೆಗೆ ಬರುವ ದಿನ ಬೀಗರು ಅಂದು ತಂದ ಅಂಗಿಯನ್ನೇ ತೊಡುತ್ತೇನೆ, ಮಗಳ ಮುಖ ನೋಡಿ. ಹೋದ ವಾರ ಬಂದ ಅಳಿಯ ಮುದ್ದೆಯಾದ ಟೀ ಶರ್ಟಿನಲ್ಲಿದ್ದ. "ಮಾವಾರ, ಇಸ್ತ್ರಿ ಬಿಟ್ಟ ಮ್ಯಾಲೆ ಭಾಳ ಆರಾಮ ಐತ್ರಿ. ನಿಮ್ಮನ್ನ ನೋಡೇ ಕಲತೇನಿ" ಎಂದು ಕಾಲು ಚಾಚಿ ಕುಳಿತ. ನಾನು ಎದುರಿಗೆ, ಗೆರೆ ಕೆಟ್ಟೀತೆಂದು, ನಿಂತೇ ಇದ್ದೆ.

ಈಗ ನನ್ನ ಹತ್ತಿರ ಇರುವುದು: ಬ್ಯಾಡಗಿಯಲ್ಲಿ ಒಂದು ಅಂಗಡಿ, ಹಾವೇರಿಯಲ್ಲಿ ಒಂದು ಮನೆ, ಗುತ್ತಲದ ಹತ್ತಿರ ನಾಲ್ಕು ಎಕರೆ ಹೊಲ, ಒಬ್ಬ ಹೆಂಡತಿ, ಒಬ್ಬ ಮಗಳು, ಒಬ್ಬ ಅಳಿಯ, ಮುದ್ದೆಯಾದ ಅಂಗಿ ಒಂಬತ್ತು, ಇಸ್ತ್ರಿ ಮಾಡಿದ್ದು ಒಂದು.